ಗದ್ದೆಯ ಪಾಸ್‌ಬುಕ್



ಕಳೆದ ವರ್ಷ ಮೇ ತಿಂಗಳ ರಜೆಯಲ್ಲಿ ಮೊಮ್ಮಕ್ಕಳಿಬ್ಬರನ್ನು ಪಿಲಿಕುಳಕ್ಕೆ ಕರೆದುಕೊಂಡು ಹೋಗಿದ್ದೆ. ಮಂಗಳೂರಿನವರಿಗೆ ಪಿಲಿಕುಳ ಗೊತ್ತು. ಬೇರೆ ಊರಿನ ಮಕ್ಕಳಿಗಾಗಿ ಹೇಳುತ್ತೇನೆ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಜಾಗವಂತೆ. ಪೇಟೆಯಿಂದ ಮೂಡುಬಿದಿರೆ ರಸ್ತೆಯಲ್ಲಿ ಹೋದರೆ ವಾಮಂಜೂರಿನ ಹತ್ತಿರ ಸಿಗುತ್ತದೆ. ಕೆರೆ ಇದೆ, ಮೃಗಾಲಯ ಇದೆ, ವಿಜ್ಞಾನ ಕೇಂದ್ರ ಇದೆ. ಇವೆಲ್ಲದರ ಜೊತೆಗೆ ತುಳುನಾಡಿನ ಹಳೆಯ ಕೃಷಿಕರ ದೊಡ್ಡ ಮನೆ ಹೇಗಿತ್ತು ಎಂದು ತೋರಿಸುವ ಗುತ್ತಿನ ಮನೆಯೂ ಇದೆ.

ಹುಲಿ, ಸಿಂಹ, ಹಾವು ಎಲ್ಲ ಮುಗಿದ ಮೇಲೆ ಗುತ್ತಿನ ಮನೆಗೆ ಬಂದೆವು. ಮೂರನೇ ತರಗತಿಯ ಚಿಣ್ಣ ಒಂದು ನೇಗಿಲಿನ ಎದುರು ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, “ಅಜ್ಜಾ, ಇದು ಯಾವ ರಾಜನ ಕಾಲದ್ದು?”

“ರಾಜನ ಕಾಲದ್ದಲ್ಲ ಮಾರಾಯ, ನಿನ್ನ ಅಜ್ಜನ ಕಾಲದ್ದು. ನಾನೇ ಹಿಡಿದಿದ್ದೇನೆ.”

ಅವನು ಒಮ್ಮೆ ನೇಗಿಲನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಇಬ್ಬರಲ್ಲಿ ಯಾರನ್ನು ಇಲ್ಲಿ ಬಿಟ್ಟು ಹೋಗಬೇಕು ಎಂದು ಯೋಚಿಸುವ ಹಾಗಿತ್ತು ಅವನ ಮುಖ. ಆರನೇ ತರಗತಿಯ ಪುಟ್ಟಿ ಮಾತ್ರ, “ಹಿಡಿದು ಎಂತ ಮಾಡುದು ಅಜ್ಜ?” ಎಂದಳು. ನಾನು ಕೈಯಲ್ಲಿ, ಬಾಯಲ್ಲಿ ವಿವರಿಸಿದೆ. ಇಬ್ಬರೂ ತಲೆಯಾಡಿಸಿದರು. ಅರ್ಥವಾಗದವರು ತಲೆಯಾಡಿಸುವ ರೀತಿ ನನಗೆ ಚೆನ್ನಾಗಿ ಗೊತ್ತು. ಬ್ಯಾಂಕಿನ ಕೌಂಟರಿನಲ್ಲಿ ಬಡ್ಡಿ ಲೆಕ್ಕ ಹೇಳಿದಾಗ ಮೂವತ್ತೈದು ವರ್ಷ ಅದನ್ನೇ ನೋಡಿದ್ದೇನೆ.

ಹೊರಗೆ ಬರುವಾಗ ದೊಡ್ಡ ಫಲಕದ ಮೇಲೆ ಹೆಸರು ಓದಿಸಿದೆ: ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದವರು, 1997ರಲ್ಲಿ ತೀರಿಕೊಂಡರು. ಕಾದಂಬರಿ ಬರೆದರು, ಯಕ್ಷಗಾನ ಕುಣಿದರು, ಕಾಡು-ನದಿಗಳಿಗಾಗಿ ಹೋರಾಡಿದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ದೊಡ್ಡ ಪುಸ್ತಕವನ್ನೂ ಬರೆದರು. ಪುತ್ತೂರಿನಲ್ಲಿ ‘ಬಾಲವನ’ ಕಟ್ಟಿ, ನಾಲ್ಕು ಗೋಡೆಯ ಹೊರಗೆ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದರು. ಆ ಮನೆ ಈಗಲೂ ಇದೆ, ಪುತ್ತೂರಿಗೆ ಹೋದವರು ನೋಡಿ ಬನ್ನಿ. ಕಾರಂತರ ಹೆಸರಿನ ಜಾಗದಲ್ಲಿ ನಿಂತು ಮೊಮ್ಮಗನಿಗೆ ಗಾಳಿಯಲ್ಲಿ ನೇಗಿಲು ಹೂಡಿ ತೋರಿಸಿದ್ದು ನನಗೇ ನಾಚಿಕೆಯಾಯಿತು. ಪಿಲಿಕುಳ ತನ್ನ ಕೆಲಸ ಮಾಡಿತು, ವಸ್ತುವನ್ನು ಜೋಪಾನವಾಗಿ ಇಟ್ಟು ತೋರಿಸಿತು. ಮುಟ್ಟಿಸುವ ಕೆಲಸ ನನ್ನದು.

ಆ ರಾತ್ರಿಯೇ ಭಾವನಿಗೆ ಫೋನ್ ಮಾಡಿದೆ.

ಭಾವ ಎಂದರೆ ನನ್ನ ಹೆಂಡತಿಯ ತಮ್ಮ. ಗುರುಪುರದ ಆಚೆ ಅವರ ತರವಾಡು ಮನೆ. ನೂರು ವರ್ಷ ದಾಟಿದೆ. ಮಣ್ಣಿನ ದಪ್ಪ ಗೋಡೆ, ಮರದ ಕಂಬದ ಚಾವಡಿ, ಮೇಲೆ ಮಂಗಳೂರು ಹೆಂಚು. ಮಳೆಗಾಲಕ್ಕೆ ಮುಂಚೆ ಹೆಂಚು ಬದಲಿಸುವಾಗ ಕೆಲವು ಹಳೆಯ ಹೆಂಚುಗಳ ಹೊಟ್ಟೆಯ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆ ಕಾಣುತ್ತದೆ. ಆ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದರು. ನಮ್ಮ ಹೊಳೆಬದಿಯ ಜೇಡಿಮಣ್ಣು ಅಲ್ಲಿ ಬೆಂದು ಹೆಂಚಾಗಿ ದೇಶ-ವಿದೇಶಗಳ ಮಾಡು ಏರಿತು. ಮನೆಯ ಅಂಗಳದಿಂದ ಇಳಿದರೆ ಮುಂದಿನ ಗದ್ದೆ. ತುಳುವಿನಲ್ಲಿ ಇದಕ್ಕೆ ‘ಬಾಕಿಮಾರು’ ಎನ್ನುತ್ತಾರೆ. ನಲವತ್ತು ಸೆಂಟ್ಸ್. ಅದರ ಕೆಳಗೆ ಇನ್ನೂ ಕೆಲವು ಗದ್ದೆಗಳು, ಕೊನೆಗೆ ತೋಡು.

ವಿಷಯ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಕರಕೊಂಡು ಬನ್ನಿ ಭಾವ. ಬೇಕಾದರೆ ಇದೇ ವರ್ಷ ಬನ್ನಿ. ಬರುವ ವರ್ಷ ಗದ್ದೆ ಮಾಡುದಿಲ್ಲ. ಮಗ ಅಡಿಕೆ ಸಸಿ ಹಾಕುವ ಅಂತ ಹೇಳ್ತಾನೆ. ನನಗೂ ಆಗುದಿಲ್ಲ.”

ಈಗ ನಮ್ಮ ಕಡೆ ಮಳೆಗಾಲದಲ್ಲಿ ‘ಕೆಸರ್ಡೊಂಜಿ ದಿನ’ ಎಂದು ಎಲ್ಲ ಊರಿನಲ್ಲಿ ಮಾಡುತ್ತಾರೆ. ಕೆಸರಿನಲ್ಲಿ ಒಂದು ದಿನ ಎಂದು ಅರ್ಥ. ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ, ತ್ರೋಬಾಲ್, ಮಧ್ಯಾಹ್ನ ಪತ್ರೊಡೆ ಊಟ. ಬಹಳ ಚೆಂದ, ನಾನೂ ಹೋಗಿದ್ದೇನೆ. ಆದರೆ ಒಂದು ದಿನ ಓಡಿದರೆ ಗದ್ದೆ ಆಟದ ಮೈದಾನವಾಗಿ ನೆನಪಿರುತ್ತದೆ. ಭತ್ತ ಬೆಳೆಯಲು ನಾಲ್ಕು ತಿಂಗಳು ಬೇಕು. ಹಾಗಾಗಿ ನಾನು ಮಕ್ಕಳಿಗೆ ಹೇಳಿದೆ, “ನಾವು ಒಂದು ದಿನ ಅಲ್ಲ, ನಾಲ್ಕು ಸಲ ಹೋಗುವ. ಬಿತ್ತುವಾಗ, ನೆಡುವಾಗ, ತೆನೆ ಬಂದಾಗ, ಕೊಯ್ಯುವಾಗ.” ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಗೀಟು ಹಾಕಿ ಕೊಟ್ಟೆ. ತಾರೀಕು, ವಿವರ, ಖರ್ಚು, ಜಮೆ, ಬಾಕಿ. ಪುಟ್ಟಿ ಅದರ ಮೇಲೆ ‘ಗದ್ದೆಯ ಪಾಸ್‌ಬುಕ್’ ಎಂದು ಬರೆದಳು.

ಮೊದಲ ಸಲ ಹೋದದ್ದು ಜೂನ್ ಮೊದಲ ಭಾನುವಾರ. ಬೀಜದ ಭತ್ತವನ್ನು ನೀರಿನಲ್ಲಿ ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೇಲೆ ಬೈಹುಲ್ಲು ಮುಚ್ಚಿ ಕಲ್ಲು ಇಟ್ಟಿದ್ದರು. ಚಿಣ್ಣ ಕೈ ಒಳಗೆ ತೂರಿಸಿ, “ಅಜ್ಜಾ, ಬಿಸಿ ಇದೆ!” ಎಂದು ಕೂಗಿದ. ಹೌದು, ಮೊಳಕೆ ಬರುವ ಬೀಜ ಉಸಿರಾಡುತ್ತದೆ, ಉಸಿರಾಡಿದರೆ ಬಿಸಿಯಾಗುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದು ಒಂದು ಸಾಲು. ಚಿಣ್ಣನಿಗೆ ಅಂಗೈ ತುಂಬ.

ಭಾವನನ್ನು ಮಕ್ಕಳು ‘ಗದ್ದೆಯಜ್ಜ’ ಎಂದು ಕರೆಯತೊಡಗಿದರು. ಗದ್ದೆಯಜ್ಜ ಅವರನ್ನು ಹುಣಿಯ ಮೇಲೆ ನಿಲ್ಲಿಸಿ ಪಾಠ ಮಾಡಿದ. ನಮ್ಮ ಜಿಲ್ಲೆಯಲ್ಲಿ ಗದ್ದೆಗಳಿಗೆ ಮೂರು ಜಾತಿ. ಎತ್ತರದಲ್ಲಿ ಇರುವುದು ಬೆಟ್ಟುಗದ್ದೆ, ಮಳೆ ನೀರೇ ಗತಿ, ವರ್ಷಕ್ಕೆ ಒಂದು ಬೆಳೆ. ನಡುವೆ ಇರುವುದು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಕೆಳಗೆ ತೋಡಿನ ಬದಿಯಲ್ಲಿರುವುದು ಬೈಲುಗದ್ದೆ, ಮೂರು ಬೆಳೆಯೂ ಆಗುತ್ತದೆ. ಬೆಳೆಗೂ ಮೂರು ಹೆಸರು. ಮಳೆಗಾಲದ್ದು ಏಣೇಲು, ಆಮೇಲಿನದು ಸುಗ್ಗಿ, ಬೇಸಗೆಯದು ಕೊಳಕೆ. “ನೀರು ಮೇಲಿನಿಂದ ಕೆಳಗೆ ಬರ್ತದೆ. ಪ್ರತಿ ಗದ್ದೆಯಲ್ಲಿ ಸ್ವಲ್ಪ ಕೂತು, ಸ್ವಲ್ಪ ಇಳಿದು, ಉಳಿದದ್ದು ಮುಂದೆ ಹೋಗ್ತದೆ. ಯಾರೂ ಅದನ್ನು ಓಡಿಸುದಿಲ್ಲ” ಎಂದ.

ನಾವು ಬಿತ್ತಿದ್ದು ಎಂಒ-4 ಎಂಬ ಕೆಂಪು ಭತ್ತ. ಕೇರಳದ ಮಂಕೊಂಬಿನಿಂದ ಬಂದ ತಳಿ, ನಮ್ಮ ಕರಾವಳಿಯ ಕುಚ್ಚಲಕ್ಕಿಗೆ ಒಗ್ಗಿಹೋಗಿದೆ. ಹಿಂದೆ ಮನೆಗೊಂದು ಊರಿಗೊಂದು ತಳಿ ಇತ್ತು. ಅವನ್ನೆಲ್ಲ ಉಳಿಸಿದ ಒಬ್ಬ ರೈತರು ಕಾಸರಗೋಡು ಜಿಲ್ಲೆಯಲ್ಲಿದ್ದಾರೆ, ಸತ್ಯನಾರಾಯಣ ಬೇಳೇರಿ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ದೊಡ್ಡ ಜಮೀನಿಲ್ಲ. ಗ್ರೋ ಬ್ಯಾಗಿನಲ್ಲಿ, ಅಂದರೆ ಗಿಡ ನೆಡುವ ಚೀಲದಲ್ಲಿ, ಒಂದೊಂದು ತಳಿಯನ್ನು ಬೆಳೆಸಿ ಬೀಜ ಮಾಡಿಕೊಳ್ಳುತ್ತಾರೆ. ಇದನ್ನು ಫ್ಲ್ಯಾಟಿನಲ್ಲಿರುವ ಮಕ್ಕಳು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಎರಡನೇ ಸಲ ಹೋದದ್ದು ಜೂನ್ ಕೊನೆಯಲ್ಲಿ, ನಾಟಿಗೆ. ಬಿತ್ತಿದ ಬೀಜ ಒಂದು ಗೇಣು ಎತ್ತರದ ಹಸುರು ಹಾಸಾಗಿತ್ತು. ಇದೇ ನೇಜಿ. ಟಿಲ್ಲರಿನಿಂದ ಉತ್ತು ಹಲಗೆ ಎಳೆದ ಗದ್ದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೆಡಲು ನಾಲ್ಕು ಜನ ಹೆಂಗಸರು ಬಂದಿದ್ದರು, ಎಲ್ಲರೂ ಅರವತ್ತರ ಆಚೆ-ಈಚೆ. ಹಿಂದೆ ಇದೇ ಗದ್ದೆಯಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತು ಓಬೇಲೆ ಹಾಡುತ್ತ ನೆಡುತ್ತಿದ್ದರಂತೆ. ಈಗ ಹಾಡು ಗೊತ್ತಿರುವುದು ಅವರಲ್ಲಿ ಇಬ್ಬರಿಗೆ ಮಾತ್ರ.

ಗದ್ದೆಯಜ್ಜ ಮೂಲೆಯಲ್ಲಿ ಒಂದು ಸೆಂಟ್ಸ್ ಜಾಗಕ್ಕೆ ಹಗ್ಗ ಕಟ್ಟಿ, “ಇದು ನಿಮ್ಮದು” ಎಂದ. ಪುಟ್ಟಿ ಹುಣಿಯ ಮೇಲೆ ನಿಂತೇ ಇದ್ದಳು. ಕೆಸರು ಅಸಹ್ಯ, ಉಂಬಳ ಕಚ್ಚುತ್ತದೆ, ಹಾವು ಇರುತ್ತದೆ. ಚಿಣ್ಣ ಆಗಲೇ ಮೊಣಕಾಲಿನವರೆಗೆ ಇಳಿದು ಒಂದು ಏಡಿಯ ಹಿಂದೆ ಓಡಿ ಮೂಗಿನವರೆಗೆ ಕೆಸರಾಗಿದ್ದ. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ. ಹೆಂಗಸರಲ್ಲಿ ಹಿರಿಯಾಕೆ ಒಂದು ಹಿಡಿ ನೇಜಿ ಅವಳ ಕೈಗೆ ಕೊಟ್ಟು, “ಬಾ ಮಗಾ, ನನಗೆ ಬೆನ್ನು ನೋಯ್ತದೆ” ಎಂದಳು. ಪುಟ್ಟಿ ಇಳಿದಳು.

ನೆಡುವುದು ಕಾಣುವಷ್ಟು ಸುಲಭವಲ್ಲ. ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಎರಡು-ಮೂರು ನೇಜಿ ಹಿಡಿಯಬೇಕು. ಬೇರು ಮಡಚದ ಹಾಗೆ ಕೆಸರಿಗೆ ಊರಬೇಕು. ಆಳಕ್ಕೆ ಹೋದರೆ ಮರಿ ಒಡೆಯುವುದಿಲ್ಲ, ಮೇಲಾದರೆ ತೇಲಿ ಹೋಗುತ್ತದೆ. ಒಂದು ಗಂಟೆಯಲ್ಲಿ ಮಕ್ಕಳಿಬ್ಬರೂ ಸೇರಿ ಅರ್ಧ ಸೆಂಟ್ಸ್ ಮುಗಿಸಿದರು. ಅಷ್ಟರಲ್ಲಿ ಆ ಹಿರಿಯಾಕೆ ಎಷ್ಟು ನೆಟ್ಟಿದ್ದಳೆಂದು ಪುಟ್ಟಿ ಹೆಜ್ಜೆಯಲ್ಲಿ ಅಳೆದು ಬಂದಳು. ಅಂದಿನ ಪಾಸ್‌ಬುಕ್ಕಿನಲ್ಲಿ ಹೀಗಿದೆ: “ನಾವು ಇಬ್ಬರು ಅರ್ಧ. ಅಜ್ಜಿ ಒಬ್ಬರೇ ಎರಡು. ಅಜ್ಜಿಗೆ ಬೆನ್ನು ನೋವು ಇರುವಾಗ.”

ಮಕ್ಕಳ ಸಾಲು ಸೊಟ್ಟ. ಅದನ್ನು ಯಾರೂ ಕಿತ್ತು ಸರಿಮಾಡಲಿಲ್ಲ. ಅಂಗಳದ ಬಾವಿಯಲ್ಲಿ ಸಾಬೂನು ಹಾಕಿ ಕೈಕಾಲು ತೊಳೆಸಿದೆವು. ಇದು ಮುಖ್ಯ, ಅಜ್ಜ-ಅಜ್ಜಿಯರು ಗಮನಿಸಿ. ಮಳೆಗಾಲದ ನಿಂತ ನೀರಿನಲ್ಲಿ ಇಲಿಜ್ವರದ ಭಯವಿದೆ. ಕಾಲಿನಲ್ಲಿ ಗಾಯವಿದ್ದರೆ ಗದ್ದೆಗೆ ಇಳಿಸಬೇಡಿ, ಇಳಿದು ಬಂದವರಿಗೆ ಚೆನ್ನಾಗಿ ತೊಳೆಸಿ, ಆಮೇಲೆ ಜ್ವರ ಬಂದರೆ ಗದ್ದೆಗೆ ಹೋದ ವಿಷಯ ವೈದ್ಯರಿಗೆ ಹೇಳಿ.

ಗಂಜಿ, ಚಟ್ನಿ ಉಂಡು ಜಗಲಿಯಲ್ಲಿ ಕೂತಾಗ ಪುಟ್ಟಿ ಸ್ಕೇಲು ತೆಗೆದುಕೊಂಡು ಹೋಗಿ ಗದ್ದೆಯ ನೀರಿನ ಆಳ ಅಳೆದಳು, ಹುಣಿಯ ಎತ್ತರ ಅಳೆದಳು. ಮಳೆ ಜೋರಾದರೆ ಹುಣಿ ದಾಟುವ ಮೊದಲು 10 ಸೆಂಟಿಮೀಟರ್ ನೀರು ನಿಲ್ಲಬಹುದು ಎಂದಳು. ನನ್ನೊಳಗಿನ ಗುಮಾಸ್ತ ಎದ್ದು ಕೂತ. ಲೆಕ್ಕ ಹೀಗೆ: ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್. ಅದರಲ್ಲಿ 10 ಸೆಂ.ಮೀ. ನೀರು ನಿಂತರೆ ಸುಮಾರು 4,000 ಲೀಟರ್. ಮುಂದಿನ ಗದ್ದೆ 40 ಸೆಂಟ್ಸ್, ಅಂದರೆ ಸುಮಾರು 1,60,000 ಲೀಟರ್. ಬೇಸಗೆಯಲ್ಲಿ ನಮ್ಮ ಓಣಿಗೆ ಬರುವ ನೀರಿನ ಟ್ಯಾಂಕರ್ 6,000 ಲೀಟರಿನದು.

“ಇಪ್ಪತ್ತಾರು ಟ್ಯಾಂಕರ್!” ಎಂದಳು ಪುಟ್ಟಿ. “ಒಂದೇ ಗದ್ದೆಯಲ್ಲಿ?”

ಒಂದೇ ಗದ್ದೆಯಲ್ಲಿ, ಒಂದು ಸಲಕ್ಕೆ. ಉತ್ತು ಕಲಸಿದ ಕೆಸರಿನ ಪದರ ಆ ನೀರನ್ನು ಒಮ್ಮೆಲೇ ಬಿಡುವುದಿಲ್ಲ, ನಿಧಾನವಾಗಿ ಭೂಮಿಗೆ ಇಳಿಸುತ್ತದೆ. ಭಾವನ ಬಾವಿ ಏಪ್ರಿಲ್‌ನಲ್ಲೂ ಬತ್ತದಿರುವುದರಲ್ಲಿ ಮೇಲಿನ ಗದ್ದೆಗಳ ಪಾಲು ಇದೆ. ನಮ್ಮ ಉಡುಪಿಯಲ್ಲಿ 1928ರಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ಬಡವರ ಮನೆಯಿಂದ ದಿನಕ್ಕೆ ಎರಡು ಆಣೆ ಸಂಗ್ರಹಿಸಿ ದೊಡ್ಡ ಮೊತ್ತ ಮಾಡಿದ್ದರು. ಗದ್ದೆಯೂ ಹಾಗೆಯೇ ಮಳೆಯ ಪಿಗ್ಮಿ ಕಟ್ಟಿಸಿಕೊಳ್ಳುತ್ತದೆ ಎಂದೆ. ಪುಟ್ಟಿ ಜಮೆಯ ಅಂಕಣದಲ್ಲಿ 1,60,000 ಲೀ. ಎಂದು ಬರೆದಳು.

ಇಲ್ಲಿಯವರೆಗೆ ನಾನು ಖುಷಿಯಲ್ಲಿದ್ದೆ. ಜುಲೈಯಲ್ಲಿ ಒಂದು ಸಂಜೆ ಜೋರು ಮಳೆ ಬಂತು. ಪುಟ್ಟಿಯನ್ನು ಟ್ಯೂಷನ್ನಿನಿಂದ ಕರೆತರುವಾಗ ಕೊಟ್ಟಾರ ಚೌಕಿಯ ಬಳಿ ರಸ್ತೆಯಲ್ಲಿ ನೀರು ನಿಂತು ರಿಕ್ಷಾ ಮುಂದೆ ಹೋಗಲಿಲ್ಲ. ನಮ್ಮ ಊರಿನವರಿಗೆ ಇದು ಹೊಸತಲ್ಲ. 2018ರ ಮೇ 29ರಂದು ಮಂಗಳೂರು ಪೇಟೆಯೇ ಮುಳುಗಿದ್ದು ನಿಮಗೆಲ್ಲ ನೆನಪಿರಬಹುದು. ಅಂದು ನಮ್ಮ ಮನೆಯ ಕೆಳಗಿನ ಕೋಣೆಗೂ ನೀರು ಬಂದಿತ್ತು. ಅಕ್ಕಿಯ ಡಬ್ಬ, ನನ್ನ ಹಳೆಯ ಪುಸ್ತಕಗಳು ಎಲ್ಲ ಹೋದವು. ಪುಟ್ಟಿ ಆಗ ಚಿಕ್ಕವಳು, ಮಂಚದ ಮೇಲೆ ಕೂತು ಅಳುತ್ತಿದ್ದಳು.

ರಿಕ್ಷಾದಲ್ಲಿ ಕೂತು ಅವಳು ಕೇಳಿದಳು, “ಅಜ್ಜ, ಈ ನೀರು ಮೊದಲು ಎಲ್ಲಿ ಇರ್ತಿತ್ತು?”

ಉತ್ತರ ನನಗೆ ಗೊತ್ತಿತ್ತು. ಮರುದಿನ ಮಳೆ ಬಿಟ್ಟಾಗ ಅವಳನ್ನು ಕರೆದುಕೊಂಡು ನಮ್ಮ ಮನೆಯಿಂದ ಹತ್ತು ನಿಮಿಷ ನಡೆದು ಒಂದು ಅಪಾರ್ಟ್‌ಮೆಂಟಿನ ಗೇಟಿನ ಎದುರು ನಿಂತೆ. “ಇಲ್ಲಿ ನಿನ್ನ ಮುತ್ತಜ್ಜನ ಗದ್ದೆ ಇತ್ತು” ಎಂದೆ.

ಮೂವತ್ತು ಸೆಂಟ್ಸ್ ಬೈಲುಗದ್ದೆ. ನನ್ನ ಅಪ್ಪ ಅದರಲ್ಲಿ ಗೇಣಿಗೆ ದುಡಿದವರು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಅರ್ಜಿ ಕೊಟ್ಟು, ಹಲವು ಸಲ ಕಚೇರಿ ಹತ್ತಿ ಇಳಿದು, ಆ ಗದ್ದೆ ಅವರ ಹೆಸರಿಗೆ ಆಯಿತು. ಆ ಕಾಗದವನ್ನು ಅವರು ದೇವರ ಕೋಣೆಯಲ್ಲಿ ಇಟ್ಟಿದ್ದರು. ಅಪ್ಪ ತೀರಿಕೊಂಡರು, ಮಾರಬಾರದೆಂಬ ಷರತ್ತಿನ 15 ವರ್ಷವೂ ಮುಗಿಯಿತು. 1995ರಲ್ಲಿ ನಾವು ಅಣ್ಣತಮ್ಮಂದಿರು ಕೂತು ಲೆಕ್ಕ ಹಾಕಿದೆವು. ಲೆಕ್ಕ ಹಾಕಿದವನು ನಾನೇ, ಬಿ.ಕಾಂ. ಓದಿದವನು ಮನೆಯಲ್ಲಿ ನಾನೊಬ್ಬನೇ. ಬೀಜ, ಗೊಬ್ಬರ, ಕೂಲಿ ಒಂದು ಕಡೆ, ಭತ್ತ, ಬೈಹುಲ್ಲು ಇನ್ನೊಂದು ಕಡೆ. ವರ್ಷ ವರ್ಷ ನಷ್ಟ. ಮಾರಿದೆವು. ನನ್ನ ಪಾಲಿನ ಹಣದಲ್ಲಿ ಮನೆಗೆ ಮಹಡಿ ಎತ್ತಿಸಿದೆ. ಲಾರಿಗಳಲ್ಲಿ ಕೆಂಪು ಮಣ್ಣು ಬಂದು ಗದ್ದೆ ತುಂಬಿತು.

ಪುಟ್ಟಿ ಬೆರಳು ಎಣಿಸಿದಳು. ಮೂವತ್ತು ಸೆಂಟ್ಸ್, 1,20,000 ಲೀಟರ್, ಇಪ್ಪತ್ತು ಟ್ಯಾಂಕರ್. “ಆ ಲೆಕ್ಕ ನೀವು ಜಮೆಯಲ್ಲಿ ಬರೆದಿರಲಿಲ್ಲವಾ?” ಎಂದಳು.

ಬರೆದಿರಲಿಲ್ಲ. ನಮ್ಮದೊಂದೇ ಗದ್ದೆಯಿಂದ ಮಂಗಳೂರು ಮುಳುಗಿತು ಎಂದು ನಾನು ಹೇಳುವುದಿಲ್ಲ. ಸುತ್ತಲಿನವರೆಲ್ಲ ನನ್ನ ಹಾಗೆಯೇ ಲೆಕ್ಕ ಹಾಕಿದರು. ಅಂದು ಹಣ ಬೇಕಿತ್ತು ಎಂಬುದೂ ನಿಜ. ಆದರೆ ಮೂವತ್ತೈದು ವರ್ಷ ಇತರರ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ಹುಡುಕಿ ಹಿಡಿದವನು ನಾನು. ಸ್ವಂತ ಲೆಕ್ಕದಲ್ಲಿ ಒಂದು ಇಡೀ ಅಂಕಣ ಬಿಟ್ಟಿದ್ದೆ ಎಂದು ತಿಳಿಯಲು ಆರನೇ ತರಗತಿಯ ಹುಡುಗಿ ಬೇಕಾಯಿತು.

ಮೂರನೇ ಸಲ ಹೋದದ್ದು ಸೆಪ್ಟೆಂಬರ್ ಮೊದಲ ವಾರ. ತೆನೆ ಹೊರಬಂದಿತ್ತು. ಈ ಕಾಲದಲ್ಲಿ ಮಂಗಳೂರಿನಲ್ಲಿ ಎಲ್ಲರಿಗೂ ತೆನೆ ಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರು ಚರ್ಚಿನಲ್ಲಿ ಹೊಸ ತೆನೆಯನ್ನು ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ನಮ್ಮ ಮನೆಗಳಲ್ಲಿ ಕದಿರು ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತೇವೆ. ಹಬ್ಬ ಬೇರೆ, ಗದ್ದೆ ಒಂದೇ. ಪಕ್ಕದ ಮನೆಯ ಟೀಚರ್ ಎರಡು ತೆನೆ ಸಿಕ್ಕಿದರೆ ತನ್ನಿ ಎಂದಿದ್ದರು.

ಆದರೆ ಮಕ್ಕಳ ಮೂಲೆಯಲ್ಲಿ ಒಂದು ಭಾಗ ಮಲಗಿಹೋಗಿತ್ತು. ಹೋದ ಸಲ ಹುಣಿಯ ಮೇಲೆ ನವಿಲು ಕಂಡಾಗ ಇಬ್ಬರೂ ಕುಣಿದಾಡಿದ್ದರು. ಈಗ ಅದೇ ನವಿಲುಗಳ ಹಿಂಡು ಇಳಿದು ಹಾಲು ತುಂಬುವ ಕಾಳನ್ನು ತಿಂದು ಹೋಗಿತ್ತು. ಚಿಣ್ಣನಿಗೆ ಅಳು, ಸಿಟ್ಟು. “ಕಲ್ಲು ಹೊಡೆಯುವ!” ಎಂದ. ಗದ್ದೆಯಜ್ಜ ನಕ್ಕ. “ಅದು ರಾಷ್ಟ್ರಪಕ್ಷಿ ಮಗಾ, ಹೊಡೆದರೆ ನನ್ನನ್ನು ಒಳಗೆ ಹಾಕ್ತಾರೆ. ಓಡಿಸುವ, ಸಾಕು.” ಹಳೆಯ ಸೀರೆ ಕಟ್ಟಿದರು, ಡಬ್ಬ ಬಡಿದರು. ನವಿಲು ಚೆಂದ ಎಂದು ಚಿತ್ರ ಬಿಡಿಸಿದ ಹುಡುಗನಿಗೆ ನವಿಲಿನ ಊಟದ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಗೊತ್ತಾಯಿತು. ಪಾಸ್‌ಬುಕ್ಕಿನ ಖರ್ಚಿನ ಅಂಕಣದಲ್ಲಿ ಅವನು ಬರೆದದ್ದು: “ನವಿಲಿಗೆ.” ಮೊತ್ತದ ಜಾಗ ಖಾಲಿ ಬಿಟ್ಟಿದ್ದ. ತೂಗಿ ನೋಡಲಿಕ್ಕೆ ಆಗುವುದಿಲ್ಲವಲ್ಲ!

ನಾಲ್ಕನೇ ಸಲ ಹೋದದ್ದು ಅಕ್ಟೋಬರಿನಲ್ಲಿ, ದಸರಾ ರಜೆಗೆ. ಕೆಳಗಿನ ಗದ್ದೆಗಳನ್ನು ಯಂತ್ರ ಬಂದು ಕೊಯ್ದು ಹೋಗಿತ್ತು. ಮುಂದಿನ ಗದ್ದೆಯನ್ನು ಭಾವ ಕೈಯಲ್ಲೇ ಕೊಯ್ಯಿಸಿದ, ಮಕ್ಕಳಿಗಾಗಿ. ಕತ್ತಿ ಹಿಡಿಯುವುದು ಪುಟ್ಟಿಗೆ ಮಾತ್ರ, ಅದೂ ದೊಡ್ಡವರ ಕೈ ಮೇಲೆ ಇಟ್ಟು. ಚಿಣ್ಣನದು ಸೂಡಿ ಹೊರುವ ಕೆಲಸ. ಅಟ್ಟದಿಂದ ಹಳೆಯ ಪಡಿಮಂಚ ಇಳಿಸಿದರು. ಸೂಡಿಯನ್ನು ಎತ್ತಿ ಪಡಿಮಂಚಕ್ಕೆ ಬಡಿದರೆ ಭತ್ತ ಅಂಗಳದಲ್ಲಿ ಉದುರುತ್ತದೆ. ಚಿಣ್ಣ ಬಡಿದು ಬಡಿದು ಸುಸ್ತಾಗಿ, “ಅಜ್ಜಾ, ಇದು ಪಿಲಿಕುಳದಲ್ಲಿ ಇಡುವಂಥದ್ದು” ಎಂದ. ಈ ಸಲ ನನಗೆ ಬೇಸರವಾಗಲಿಲ್ಲ. ಅದರ ಭಾರ ಅವನಿಗೆ ಗೊತ್ತಿತ್ತು.

ಮಕ್ಕಳ ಒಂದು ಸೆಂಟ್ಸಿನಲ್ಲಿ ನವಿಲು ತಿಂದು ಉಳಿದದ್ದು 12 ಕಿಲೋ ಭತ್ತ. ನನ್ನ ಹೆಂಡತಿ ತವರಿನ ಹಂಡೆಯಲ್ಲಿ ಬೇಯಿಸಿ, ಚಾಪೆಯಲ್ಲಿ ಒಣಗಿಸಿ, ಮಿಲ್ಲಿಗೆ ಕಳಿಸಿದಳು. 8 ಕಿಲೋ ಕುಚ್ಚಲಕ್ಕಿ ಬಂತು.

ರಾತ್ರಿ ಚಾವಡಿಯಲ್ಲಿ ಕೂತು ಲೆಕ್ಕ ಮುಗಿಸಿದೆವು. ಬೀಜ, ಟಿಲ್ಲರ್, ಕೂಲಿ, ಗೊಬ್ಬರ, ನಾವು ನಾಲ್ಕು ಸಲ ಬಂದ ಬಸ್ಸು-ರಿಕ್ಷಾ ಎಲ್ಲ ಕೂಡಿಸಿದರೆ ಆ 8 ಕಿಲೋ ಅಕ್ಕಿ ಅಂಗಡಿಯ ಅಕ್ಕಿಗಿಂತ ಎಷ್ಟೋ ಪಾಲು ತುಟ್ಟಿ. “ನಷ್ಟ” ಎಂದ ಚಿಣ್ಣ. ಪುಟ್ಟಿ ಪುಟ ತಿರುಗಿಸಿ ನೀರಿನ ಜಮೆ ತೋರಿಸಿದಳು. ಅದರ ಕೆಳಗೆ ಅವರು ಗದ್ದೆಯಲ್ಲಿ ಕಂಡದ್ದನ್ನೆಲ್ಲ ಬರೆದಿದ್ದರು: ಏಡಿ, ಮೂರು ಬಗೆಯ ಕಪ್ಪೆ, ಕೊಕ್ಕರೆ, ಕೆಂಪು ಏರೋಪ್ಲೇನ್ ಚಿಟ್ಟೆ, ಒಂದು ನೀರುಹಾವು, ಹೆಸರು ಗೊತ್ತಿಲ್ಲದ ಏಳು ಹುಳ. ಭಾವ ಕನ್ನಡಕ ಹಾಕಿಕೊಂಡು ಆ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಅವನ ಗದ್ದೆಯ ಬಗ್ಗೆ ಯಾರಾದರೂ ಹೀಗೆ ಬರೆದಿಟ್ಟದ್ದು ಅದೇ ಮೊದಲು.

“ಕೆಳಗಿನ ಗದ್ದೆಗೆ ಮಗ ಅಡಿಕೆ ಹಾಕ್ತಾನೆ, ಅದಕ್ಕೆ ನಾನು ಅಡ್ಡ ಬರುದಿಲ್ಲ ಭಾವ” ಎಂದ. “ಅವನ ಹೊಟ್ಟೆಪಾಡು. ಮುಂದಿನ ಗದ್ದೆ ಮಾತ್ರ ಇನ್ನೊಂದು ವರ್ಷ ಮಾಡುವ. ಆದರೆ ನೆಡಲಿಕ್ಕೆ ಜನ ಇಲ್ಲ. ಇವರು ಇಬ್ಬರು ಸಾಕಾಗುದಿಲ್ಲ.”

ಒಂದು ವರ್ಷದ ವಾಯಿದೆ ಸಿಕ್ಕಿದೆ. ಪುಟ್ಟಿ ಈಗ ತನ್ನ ತರಗತಿಯ ಹದಿನಾಲ್ಕು ಮಕ್ಕಳ ಹೆಸರು ಬರೆಸಿಕೊಂಡಿದ್ದಾಳೆ. ಅವರ ಅಪ್ಪ-ಅಮ್ಮಂದಿರನ್ನು ಒಪ್ಪಿಸುವ ಕೆಲಸ ನನ್ನದಂತೆ. ಹಿಂದೆ ಠೇವಣಿ ಕೇಳಲು ಮನೆಮನೆಗೆ ಹೋದ ಅನುಭವ ಇದೆ, ಹೋಗುತ್ತೇನೆ.

ನಿಮಗೂ ಕೆಲಸವಿದೆ ಮಕ್ಕಳೇ. ಹತ್ತಿರದಲ್ಲಿ ನೆಂಟರದ್ದೋ ಗುರುತಿನವರದ್ದೋ ಗದ್ದೆ ಇದ್ದರೆ ಈ ಮಳೆಗಾಲ ನಾಲ್ಕು ಸಲ ಹೋಗಿ, ಒಂದು ಪಾಸ್‌ಬುಕ್ ಇಡಿ. ಗದ್ದೆ ಇಲ್ಲದವರು ತೂತಿಲ್ಲದ ಒಂದು ಹಳೆಯ ಬಕೆಟಿಗೆ ಮಣ್ಣು, ಸ್ವಲ್ಪ ಹಟ್ಟಿಗೊಬ್ಬರ, ನೀರು ಹಾಕಿ ಕೆಸರು ಮಾಡಿ. ಮೊಳಕೆ ಬಂದ ಹತ್ತು ಭತ್ತ ಹಾಕಿ ಟೆರೇಸಿನಲ್ಲಿ ಬಿಸಿಲು ಬೀಳುವಲ್ಲಿ ಇಡಿ. ಮಣ್ಣಿನ ಮೇಲೆ ಎರಡು ಬೆರಳು ನೀರು ಯಾವಾಗಲೂ ಇರಲಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸ ನೀರು ಹಾಕಿ. ನಾಲ್ಕು ತಿಂಗಳಿಗೆ ತೆನೆ ಬಲಿಯುತ್ತದೆ. ಅಕ್ಕಿಯನ್ನು ಬಿತ್ತಬೇಡಿ, ಅದು ಮೊಳೆಯುವುದಿಲ್ಲ, ಸಿಪ್ಪೆ ಇರುವ ಭತ್ತವೇ ಬೇಕು. ನೇರ ಬದಿಯ ಒಂದು ಪಾತ್ರೆಯನ್ನು ಬಯಲಲ್ಲಿ ಇಟ್ಟು ದಿನವೂ ಬೆಳಗ್ಗೆ ಸ್ಕೇಲಿನಿಂದ ಮಳೆ ಅಳೆಯಿರಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಿಮ್ಮ ಮನೆಯ ಜಾಗ ಎಷ್ಟು ಸೆಂಟ್ಸ್ ಎಂದು ಅಪ್ಪನಲ್ಲಿ ಕೇಳಿ. ಅಷ್ಟು ಜಾಗಕ್ಕೆ ವರ್ಷಕ್ಕೆ ಎಷ್ಟು ಲೀಟರ್ ಜಮೆಯಾಗುತ್ತದೆ, ಅದರಲ್ಲಿ ಎಷ್ಟು ಚರಂಡಿಗೆ ಖರ್ಚಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಅಜ್ಜ-ಅಜ್ಜಿಯರೇ, ನಿಮ್ಮ ಮನೆಯ ಗದ್ದೆ ಎಲ್ಲಿತ್ತು ಎಂದು ಮೊಮ್ಮಕ್ಕಳಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಅಲ್ಲಿ ಈಗ ಏನೇ ಇರಲಿ.

ಲೆಕ್ಕ ಬರೆದು ಈ ಪುಟದ ವಿಳಾಸಕ್ಕೆ ಕಳುಹಿಸಿ, ಪುಟ್ಟಿ ಕೂಡಿಸುತ್ತಾಳೆ. ತಪ್ಪಿದರೆ ನಾನು ಸರಿಪಡಿಸುತ್ತೇನೆ, ಅಥವಾ ನಾನು ತಪ್ಪಿದರೆ ಅವಳು.